ಕೊಗ್ಗಣ್ಣನವರಿಗೆ ಹಾಸಿದ ಚಾಪೆ

೧೯೪೧ರಲ್ಲಿ ಮಳವಳ್ಳಿಯ ವಾಚನಾಲಯದ ವಾರ್ಷಿಕೋತ್ಸವಕ್ಕೆ ಕರಾವಳಿಯ ಯಕ್ಷಗಾನ ಮೇಳವನ್ನು ಕರೆಸಿದವನು ಕಾರ್ಯದರ್ಶಿಯಾಗಿದ್ದ ನಾನೇ. ಹೆಣ್ಣುವೇಷದ ಕೊಗ್ಗಣ್ಣನವರಿಗೆ ಜ್ವರ, ಬರಲಾರರು ಎಂದು ಭಾಗವತರು ಬರೆದಿದ್ದರು. ಅವರಿಲ್ಲದೆ ಆಟವೇ ಬೇಡವೆಂದು ನಾನು ಹಟ ಹಿಡಿದು ಉತ್ತರ ಬರೆದೆ. ಅಂಚೆಗೆ ಹಾಕಿದ ಮೇಲೆ ನಿದ್ದೆ ಹತ್ತಲಿಲ್ಲ.

ಮೇಳ ಅವರಿಲ್ಲದೆಯೇ ಬಂತು. ಸಂಜೆ ವೇಷ ಕಟ್ಟುವ ಚೌಕಿಯಲ್ಲಿ ಭಾಗವತರು ಪ್ರತಿಯೊಬ್ಬ ಕಲಾವಿದರಿಗೂ ಚಾಪೆ, ದೀಪ, ಕನ್ನಡಿ, ಬಣ್ಣದ ಬಟ್ಟಲು ಇಡಿಸಿದರು. ಬಾರದ ಕೊಗ್ಗಣ್ಣನವರಿಗೂ ಇಡಿಸಿದರು. ಅದು ಅವರ ಪದ್ಧತಿಯಂತೆ.

ಗ್ಯಾಸ್‌ಲೈಟು ತಂದ ಬಾಬು ಜಾನ್ ಆ ಚಾಪೆಯ ಬಳಿ ಮೂಗು ಮುಚ್ಚಿಕೊಂಡ. "ಇಲ್ಲಿ ಒಣಮೀನು ಯಾವನ್ ಇಟ್ಟೋನು? ಇಂಥ ಬ್ಯಾಸ್ಗೇಲಿ ಈ ಚಾಪೆ ಮಾತ್ರ ತಣ್ಗೈತೆ, ಮುಟ್ ನೋಡಿ ಸೆಕ್ರೆಟ್ರಿ."

ಮುಟ್ಟಲಿಲ್ಲ, ಬಗ್ಗಿ ನೋಡಿದೆ. ಕನ್ನಡಿಯ ಮೇಲೆ ಉಸಿರಿನ ಮಂಜು ಕಟ್ಟಿತ್ತು. ಒರೆಸಿದೆ, ಮತ್ತೆ ಕಟ್ಟಿತು. ಬಟ್ಟಲಲ್ಲಿ ಒಣಗಿದ್ದ ಬಣ್ಣ ಈಗ ತಾನೇ ಕಲಸಿದಂತೆ ಹಸಿಯಾಗಿತ್ತು.

ಭಾಗವತರು ಅಲ್ಲಿನ ದೀಪದ ಬತ್ತಿ ಏರಿಸಿದರು. "ಬಂದಾಯ್ತು. ಇನ್ನು ಆಟ ಸುರು ಮಾಡುವ."

"ಯಾರು ಬಂದದ್ದು?" ಎಂದೆ.

"ಕರೆಸಿದವರು ನೀವಲ್ವೋ ಮಾರಾಯ್ರೆ? ಅವರ ಹತ್ರ ಒಂದು ಮಾತಾದ್ರೂ ಆಡಿ."

ನಾನು ಚಾಪೆಗೆ ಬೆನ್ನು ಹಾಕಿ ಚೌಕಿಯಿಂದ ಹೊರಬಿದ್ದೆ. ಆಟ ನೋಡದೆ ಮನೆಗೆ ಹೋಗಿ ಮಲಗಿಬಿಟ್ಟೆ.

ವಾರದ ನಂತರ ಕ್ಷಮೆ ಕೇಳಿ ಕೊಗ್ಗಣ್ಣನವರ ಊರಿಗೆ ಕಾಗದ ಹಾಕಿದೆ. ಅವರೇ ಉತ್ತರ ಬರೆದರು. ತಿಂಗಳಿಂದ ಹಾಸಿಗೆ ಬಿಟ್ಟು ಎದ್ದಿಲ್ಲವಂತೆ. ಆದರೂ ಮಳವಳ್ಳಿಯ ಜನ ಅವರ ವೇಷವನ್ನು ಕೊನೆಯ ತನಕ ಕೂತು ನೋಡಿದರಂತೆ. ನಾನೊಬ್ಬನೇ ಅವರನ್ನು ಮಾತನಾಡಿಸಲಿಲ್ಲವಂತೆ.