ಲಿಫ್ಟ್ ಕೆಟ್ಟಿದೆ ಎಂಬ ಬೋರ್ಡು

"ಬಾಗಿಲು ತೆಗೀರಿ! ದಯವಿಟ್ಟು... ತೆಗೀರಿ!"

ಲಿಫ್ಟಿನ ಬಾಗಿಲು ಪೂರ್ತಿ ಮುಚ್ಚುವ ಮೊದಲೇ ಅವಳು ಕಿರುಚಿದ್ದಳು. ಎದೆ ಡವಡವ, ಬೆರಳೆಲ್ಲ ಜುಮುಜುಮು.

ನಾನು ಸತ್ತೇಹೋಗ್ತೀನಾ?

ಬಾಗಿಲ ಸಂದಿಗೆ ಗ್ರೀಸು ಮೆತ್ತಿದ ಕೈಯೊಂದು ಬಂತು. ಹೊರಗೆ ನಿಂತಿದ್ದವನು ಆ ಕಟ್ಟಡದ ಲಿಫ್ಟ್ ನೋಡಿಕೊಳ್ಳುವ ಮೆಕ್ಯಾನಿಕ್.

"ಅದಿನ್ನೂ ಹೊರಟೇ ಇಲ್ಲ ಮೇಡಂ," ಎಂದ ಮೆಲ್ಲಗೆ.

ಅಳುವಿನ ನಡುವೆಯೂ ಅವಳಿಗೆ ನಗು ಬಂತು.

ಅವಳು ಅದೇ ಕಟ್ಟಡದ ಬಟ್ಟೆ ಕಾರ್ಖಾನೆಯಲ್ಲಿ, ನೆಲಮಹಡಿಯಲ್ಲಿ ಹೊಲಿಯುವವಳು. ಈಗ ಬಟ್ಟೆ ಕತ್ತರಿಸುವ ದೊಡ್ಡ ಕೆಲಸ ಸಿಕ್ಕಿತ್ತು. ಆದರೆ ಆ ಕೋಣೆ ಏಳನೇ ಮಹಡಿಯಲ್ಲಿ! ಲಿಫ್ಟಿಗೆ ಹೆದರಿ ಬಟ್ಟೆಯ ಥಾನು ಹೊತ್ತು ಮೆಟ್ಟಿಲು ಹತ್ತಿದರೆ, ಮೇಲೆ ಕತ್ತರಿ ಹಿಡಿದ ಕೈ ನಡುಗುತ್ತಿತ್ತು.

"ಈ ತಿಂಗಳು ಮುಗಿಯೋವರೆಗೂ ನೋಡ್ತೀನಮ್ಮ. ಆಮೇಲೆ ಬೇರೆಯವರಿಗೆ ಕೊಡ್ಬೇಕಾಗುತ್ತೆ," ಎಂದಿದ್ದರು ಕಾರ್ಖಾನೆಯ ಯಜಮಾನರು.

ಅದಕ್ಕೇ ಥೆರಪಿಗೆ ಸೇರಿದ್ದಳು.

"ಭಯ ಏರುತ್ತೆ, ತುದಿ ಮುಟ್ಟುತ್ತೆ, ತಾನಾಗೇ ಇಳಿಯುತ್ತೆ," ಎಂದಿದ್ದರು ಥೆರಪಿಸ್ಟ್. "ಓಡಿಹೋದ್ರೆ ಅದು ಇಳಿಯೋದನ್ನ ನೀವು ನೋಡೋದೇ ಇಲ್ಲ. ಮೊದಲು ಬಾಗಿಲು ತೆರೆದ ಲಿಫ್ಟಲ್ಲಿ ಸುಮ್ನೆ ನಿಂತ್ಕೊಳ್ಳಿ, ಭಯಕ್ಕೆ ಹತ್ತರಲ್ಲಿ ಎಷ್ಟು ಅಂಕ ಅಂತ ನೋಡ್ತಾ ಇರಿ. ಆಮೇಲೆ ಒಂದು ಮಹಡಿ. ಕೊನೆಗೆ ಏಳು."

ಅವಳಿಂದ ಇದನ್ನೆಲ್ಲ ಕೇಳಿದ ಮೇಲೆ, ದಿನವೂ ಮೆಕ್ಯಾನಿಕ್ ಬಾಗಿಲು ಹಿಡಿದು ನಿಲ್ಲುತ್ತಿದ್ದ.

"ಇವತ್ತು ಹತ್ತಕ್ಕೆ ಎಷ್ಟು ಭಯ?"

"ಒಂಬತ್ತು. ನಿಮಗೆ?"

"ನನಗೂ ಒಂಬತ್ತೇ. ನೀವು ಬಿದ್ರೆ ಹಿಡಿಯೋಣ ಅಂದ್ರೆ ಕೈತುಂಬ ಗ್ರೀಸು!"

ಒಂದು ಮಹಡಿ ಹೋಗಬೇಕಾದ ದಿನ ಬಂತು. ಲಿಫ್ಟಿನ ಮೇಲೆ ಬೋರ್ಡು: 'ಕೆಟ್ಟಿದೆ'.

ಅಬ್ಬಾ... ಬಚಾವಾದೆ!

ಮರುದಿನವೂ ಅದೇ ಬೋರ್ಡು. ಅದರ ಮರುದಿನವೂ. ನಾಲ್ಕನೇ ದಿನ ಅದೇ ಲಿಫ್ಟಿನಿಂದ ಯಜಮಾನರು ಆರಾಮಾಗಿ ಇಳಿದು ಬಂದರು.

"ಕೆಟ್ಟಿಲ್ವಾ ಸಾರ್?"

"ಎಲ್ಲಿ ಕೆಟ್ಟಿದೆ? ನೀನು ಬರೋ ಹೊತ್ತಿಗೆ ಮಾತ್ರ ಬೋರ್ಡು ಹಾಕ್ತಾನೆ ಆ ಮೆಕ್ಯಾನಿಕ್ ಪುಣ್ಯಾತ್ಮ! ಇವತ್ತು ಬೈದು ತೆಗೆಸ್ದೆ."

ಅವಳ ಕಣ್ಣು ಉರಿಯಿತು. ನೇರ ಅವನ ಮುಂದೆ ಹೋಗಿ ನಿಂತಳು.

"ನನ್ನ ಮೇಲೆ ಅಯ್ಯೋ ಪಾಪಾನಾ?"

"ಅಲ್ಲ... ನಿಮ್ಮ ಮುಖ ಬಿಳಿಚ್ಕೊಳ್ಳೋದನ್ನ ನೋಡೋಕಾಗ್ಲಿಲ್ಲ."

"ಆ ಬೋರ್ಡು ನೋಡಿ ಮೂರು ದಿನ ಖುಷಿಪಟ್ಟೆ. ಆ ಖುಷಿನೇ ನನ್ನ ಕಾಯಿಲೆ ಕಣ್ರೀ! ಇನ್ನು ನನ್ನ ಎದುರಿಗೆ ಬರ್ಬೇಡಿ."

ಅವನು ನಿಜವಾಗಿಯೂ ಬರಲಿಲ್ಲ.

ಅವಳು ಒಬ್ಬಳೇ ಒಂದು ಮಹಡಿ ಹೋದಳು. ಆಮೇಲೆ ಮೂರು. ಬಾಗಿಲು ತೆರೆದಾಗಲೆಲ್ಲ ಕಣ್ಣು ಆ ಗ್ರೀಸು ಕೈಯನ್ನೇ ಹುಡುಕುತ್ತಿತ್ತು... ನಾನು ಬೇಡ ಅಂದದ್ದು ಬೋರ್ಡನ್ನ. ಅವನನ್ನಲ್ಲ.

ಬೋರ್ಡಿನ ಕಥೆ ಕೇಳಿ ಥೆರಪಿಸ್ಟ್ ನಕ್ಕರು. "ನೀವು ಲಿಫ್ಟಿಂದ ತಪ್ಪಿಸ್ಕೊಳ್ತಿದ್ರಿ. ಅವರು ನಿಮ್ಮ ಭಯ ನೋಡೋದ್ರಿಂದ ತಪ್ಪಿಸ್ಕೊಳ್ತಿದ್ರು. ಅಷ್ಟೇ ತಾನೆ?"

ತಿಂಗಳ ಕೊನೆಯ ದಿನ. ಥಾನನ್ನು ಎದೆಗವಚಿಕೊಂಡು ಅವಳು ಏಳರ ಗುಂಡಿ ಒತ್ತಿದಳು. ಬಾಗಿಲು ಮುಚ್ಚಿತು.

ನಾಲ್ಕನೇ ಮಹಡಿ ದಾಟುವಾಗ ಭಯ ನುಗ್ಗಿ ಬಂತು. ಒಂಬತ್ತು... ಹತ್ತು! ಐದರ ಗುಂಡಿಯತ್ತ ಬೆರಳು ಹೋಯಿತು.

ಬೇಡ. ನಿಲ್ಲು. ನೋಡು.

ಎಂಟು... ಆರು... ನಾಲ್ಕು.

ಇಳೀತಿದೆ! ಲಿಫ್ಟು ಏರುತ್ತಿತ್ತು, ಭಯ ಇಳಿಯುತ್ತಿತ್ತು!

ಏಳನೇ ಮಹಡಿಯಲ್ಲಿ ಬಾಗಿಲು ತೆರೆಯಿತು. ಎದುರಿನ ಮೆಟ್ಟಿಲ ಮೇಲೆ ಅವನು ಕುಳಿತಿದ್ದ. ತೊಡೆಯ ಮೇಲೆ ಎರಡು ತುಂಡಾದ ಬೋರ್ಡು.

"ಇವತ್ತೇ ಕೊನೆ ದಿನ ಅಂತ ಗೊತ್ತಿತ್ತು. ಕೆಳಗಿದ್ರೆ ಮತ್ತೆ ಏನಾದ್ರೂ ಕಿತಾಪತಿ ಮಾಡ್ತೀನಿ ಅಂತ ಮೇಲೆ ಬಂದು ಕೂತೆ," ಎಂದು ಎದ್ದು ನಿಂತ. "ಈಗೆಷ್ಟು?"

"ಎರಡು," ಎಂದಳು ಅವಳು, ಕೆನ್ನೆ ಒರೆಸಿಕೊಳ್ಳುತ್ತಾ. "ನಿಮಗೆ?"

"ಹತ್ತು."

"ಯಾಕ್ರೀ?"

"ಒಂದು ಮಾತು ಹೇಳ್ಬೇಕಿತ್ತು... ಇಲ್ಲ ಬಿಡಿ, ಆಮೇಲೆ..." ಅವನು ಮೆಟ್ಟಿಲಿನ ಕಡೆ ತಿರುಗಿದ.

"ಓಡಿಹೋಗ್ಬೇಡಿ. ಅಲ್ಲೇ ನಿಂತು ಹೇಳಿ. ತಾನಾಗೇ ಇಳಿಯುತ್ತೆ."

ಅವನು ನಿಂತ. ಉಸಿರೆಳೆದುಕೊಂಡ. "ನೀವಂದ್ರೆ ನನಗೆ ತುಂಬಾ ಇಷ್ಟ."

"ನನಗೂ," ಎಂದಳು. "ಈಗೆಷ್ಟು?"

"ಇಳೀತಿದೆ..."

"ಹಾಗಾದ್ರೆ ಬನ್ನಿ. ಕೆಳಗೆ ಇನ್ನೊಂದು ಥಾನು ಇದೆ. ಲಿಫ್ಟಲ್ಲೇ ಹೋಗೋಣ."