ಮೌನ ಬಿಟ್ಟ ಮೇಲಿನ ಮೊದಲ ಮಾತು

ಸಾಲಿನಲ್ಲಿ ಮುಂದೆ ಬಂದ ತಾಟಿಗೆ ಅನುಸೂಯಾ ಮುಖ ನೋಡದೆಯೇ ರೊಟ್ಟಿ ಹಾಕಿದಳು. ಆಮೇಲೆ ತಾಟು ಹಿಡಿದ ಕೈ ಕಂಡಿತು. ಹೆಬ್ಬೆರಳ ಮೇಲೆ ಮೋಟರಿನ ಬೆಲ್ಟು ಕಚ್ಚಿದ ಹಳೆಯ ಗಾಯ!

ಮಾಣಿಕ!

"ಯಾವಾಗ ಬಂದ್ರಿ?" ಎಂದುಬಿಟ್ಟಳು.

ಅವನು ತಲೆ ಎತ್ತಲಿಲ್ಲ. ಮುಂದೆ ನಡೆದುಬಿಟ್ಟ.

ಮಾಂಜ್ರಾ ನದಿ ದಂಡೆಯ ಆ ಧ್ಯಾನ ಕೇಂದ್ರದಲ್ಲಿ ಶಿಬಿರಕ್ಕೆ ಕೂತವರು ಹತ್ತು ದಿನ ಮಾತಾಡುವಂತಿಲ್ಲ, ಯಾರ ಮುಖವನ್ನೂ ನೋಡುವಂತಿಲ್ಲ. ಅಲ್ಲಿ ಅಡುಗೆ ಮಾಡುವವಳಿಗೆ ಇದು ಗೊತ್ತಿಲ್ಲವೇ? ಗೊತ್ತು. ಆದರೆ ಬುದ್ಧಿಗೆ ಗೊತ್ತಿರುವುದೆಲ್ಲ ಮನಸ್ಸು ಕೇಳಬೇಕಲ್ಲ!

ಎರಡು ವರ್ಷದ ಹಿಂದೆ ಅವನು ಇಲ್ಲೇ ಮೋಟರು ನಡೆಸುತ್ತಿದ್ದ. ನದಿಯ ನೀರು ಏರಿಸಿ, ತೊಟ್ಟಿ ತುಂಬಿಸಿ, ಅಡುಗೆಮನೆ ಬಾಗಿಲಲ್ಲಿ ಚಹಾಕ್ಕೆ ನಿಲ್ಲುತ್ತಿದ್ದ. ಆಮೇಲೆ ಬರ ಬಿತ್ತು. ನದಿ ಬತ್ತಿತು, ಮೋಟರು ನಿಂತಿತು. ಒಂದು ಬೆಳಿಗ್ಗೆ ಊರ ಮಂದಿಯ ಜೊತೆ ದುಡಿಯಲು ಪುಣೆಯ ಟೆಂಪೋ ಹತ್ತಿ ಹೋಗಿಬಿಟ್ಟ. ಅವಳಿಗೊಂದು ಮಾತು ಹೇಳಲಿಲ್ಲ. ಅವನ ಪಾಲಿನ ಚಹಾ ಒಲೆಯ ಪಕ್ಕದಲ್ಲೇ ಆರಿತು.

ಅಂದಿನಿಂದ ಅವಳು ಒಬ್ಬಳೇ. ಉಸುಕಿನಲ್ಲಿ ತೋಡಿದ ವರತಿಯಿಂದ ಚರಗಿ ಚರಗಿಯಾಗಿ ನೀರು ಗೋರುವುದು, ಖಾಲಿ ಕೋಣೆಗಳ ಧೂಳು ಹೊಡೆಯುವುದು. ನೀರಿಲ್ಲದ ಜಾಗಕ್ಕೆ ಯಾರು ಬರುತ್ತಾರೆ? ಇದೇ ಕೊನೆಯ ಶಿಬಿರ, ಆಮೇಲೆ ಕೇಂದ್ರಕ್ಕೆ ಬೀಗ. ಮುಗಿದ ದಿನ ಸಂಜೆಯ ಬಸ್ಸಿಗೆ ಅವಳು ಬೀದರಕ್ಕೆ, ಅಲ್ಲಿನ ಫ್ಯಾಕ್ಟರಿಯಲ್ಲಿ ದುಡಿಯುವ ಅಣ್ಣನ ಮನೆಗೆ ಹೋಗಬೇಕು. ಅತ್ತಿಗೆ ಆಗಲೇ ಒಂದು ಗಂಡು ನೋಡಿಟ್ಟಿದ್ದಾಳೆ.

ಮರುದಿನ ಅವನ ತಾಟಿಗೆ ಮಾತ್ರ ಕಡಲೆಹಿಟ್ಟಿನ ಝುಣಕ ಹಾಕಲು ಹೋದಳು. ಅವನಿಗೆ ಅದೆಂದರೆ ಪ್ರಾಣ. ಅವನು ಅಂಗೈ ಅಡ್ಡ ಹಿಡಿದ!

'ನನ್ನ ಕೈ ಊಟವೂ ಬೇಡವಾಯಿತೇ? ನನ್ನನ್ನು ಮರೆಯಲಿಕ್ಕೇ ಇಲ್ಲಿ ಬಂದು ಕಣ್ಣು ಮುಚ್ಚಿ ಕೂತಿದ್ದಾನೆ...'

"ಬೇಟಿ, ಕಣ್ಣು ಯಾಕ ಕೆಂಪಾಗ್ಯಾವ?" ಕಾವಲುಗಾರ ಹಬೀಬ ಚಾಚಾ ಕೇಳಿದ.

"ಒಲಿ ಹೊಗಿರಿ, ಚಾಚಾ."

ಒಲೆ ಆರಿ ಎಷ್ಟೋ ಹೊತ್ತಾಗಿತ್ತು.

ಕೊನೆಯ ದಿನ ಮೌನ ಬಿಟ್ಟಿತು. ಅಂಗಳದ ತುಂಬ ಮಾತು, ನಗು! ಅನುಸೂಯಾ ಅದನ್ನು ಕೇಳಲಾರದೆ ಗಂಟು ಕಟ್ಟಿ, ದಾರಿಗೆ ನೀರು ತುಂಬಿಕೊಳ್ಳಲು ವರತಿಗೆ ಇಳಿದಳು.

ಚಾಚಾ ಏದುಸಿರು ಬಿಡುತ್ತ ಬಂದ. "ಎಲ್ಲಾರೂ ಮಾತಾಡ್ಲಿಕತ್ತಾರ ಬೇಟಿ, ಆ ಮೋಟರಿನವ ಮಾತ್ರ ಬಾಯಿ ಬಿಡವಲ್ಲ! ನೀ ಎಲ್ಲಿದ್ದಿ ಅಂತ ಕೈಸನ್ನಿ ಮಾಡಿ ಕೇಳ್ತಾನ!"

ಚಾಚಾನ ಹಿಂದೆಯೇ ಮಾಣಿಕ ಬಂದ. ಚಾಚಾ ಮೆಲ್ಲಗೆ ಜಾಗ ಖಾಲಿ ಮಾಡಿದ.

"ಅನುಸೂಯಾ..." ದನಿ ಒಡೆದಿತ್ತು. "ಮೊದಲ ಮಾತು ನಿನ್ನ ಜೋಡಿ ಅಂತ ಇಟ್ಕೊಂಡಿದ್ದೆ. ಕೊನೀ ಶಿಬಿರ ಅಂತ ಕೇಳಿ ಓಡಿ ಬಂದೆ. ಶಿಬಿರಕ್ಕ ಕೂಡವರನ್ನ ಬಿಟ್ಟು ಬ್ಯಾರೆಯವರಿಗಿ ಒಳಗ ಬಿಡಂಗಿಲ್ಲ ಅಂದ್ರು. ನಾನೂ ಕೂಡ್ತೇನಿ ಅಂತ ಹೆಸರು ಕೊಟ್ಟೆ."

"ಝುಣಕ ಯಾಕ ಬ್ಯಾಡಂದ್ರಿ?"

"ಅದು ತಿಂದಿದ್ರ ಎಲ್ಲಾರ ಮುಂದ ಅತ್ತುಬಿಡ್ತಿದ್ದೆ."

"ಹೋಗಾಗ ಯಾಕ ಹೇಳಲಿಲ್ಲ?"

"ಹೇಳಿದ್ರ ನಾನೂ ಬರ್ತೇನಿ ಅಂತಿದ್ದಿ. ತಗಡಿನ ಶೆಡ್ಡಿನಾಗ, ಅಷ್ಟು ಮಂದಿ ಗಂಡಸರ ನಡುವ, ನಿನ್ನ ಎಲ್ಲಿ ಇಡ್ಲಿ?"

"ಕೇಳಬೇಕಿತ್ತರಿ! ಹೂಂ ಅನ್ನೋದು, ಬ್ಯಾಡ ಅನ್ನೋದು ನನಗ ಬಿಟ್ಟದ್ದು. ನಿಮ್ಮ ಮೌನ ಹತ್ತು ದಿನ. ನಂದು ಎರಡು ವರ್ಷ..."

ಕೂಡಿಟ್ಟ ಅಳುವೆಲ್ಲ ಹೊರಬಂತು. ಅವನು ಎದುರಿಗೆ ಉಸುಕಿನಲ್ಲೇ ಕೂತ.

"ತಪ್ಪಾಯ್ತು. ಈಗ ಕೇಳ್ತೇನಿ. ಭಾಲ್ಕಿಯೊಳಗ ಮೋಟರ್ ರಿಪೇರಿ ಕೆಲಸ ಸಿಕ್ಕದ. ಒಂದು ಖೋಲಿ ಹಿಡದೀನಿ. ಅಲ್ಲೂ ನೀರಿನ ತ್ರಾಸ ಅದ... ಬರ್ತಿಯೇನು?"

ದೂರದಲ್ಲಿ ಬೀದರಕ್ಕೆ ಹೋಗುವ ಸಂಜೆಯ ಬಸ್ಸು ಹಾರ್ನ್ ಹೊಡೆಯಿತು. ಅವಳು ಕಣ್ಣೊರೆಸಿಕೊಂಡು ಚರಗಿ ತುಂಬಿ ಅವನ ಮುಂದೆ ಹಿಡಿದಳು.

"ಮೊದಲು ನೀರು ಕುಡೀರಿ. ಆಮ್ಯಾಲ ನನ್ನ ಜೋಡಿ ಆ ಬಸ್ಸು ಹತ್ರಿ. ಅಣ್ಣನ ಮುಂದ ನೀವೇ ಕೇಳಬೇಕು. ಅಲ್ಲಿ ಮತ್ತ ಮೌನ ಹಿಡೀಬ್ಯಾಡ್ರಿ!"

ಮಾಣಿಕ ನಕ್ಕ. ನೀರು ನೆತ್ತಿಗೇರಿತು.

"ಕೇಳ್ತೇನಿ... ನೀ ಬಾಜೂಕ ನಿಂತ್ರ."

"ನಿಂತೇ ಇದ್ದೇನಲ್ರಿ," ಎಂದಳು ಅನುಸೂಯಾ, "ನೀವು ಹೋದ ದಿನದಿಂದ."