ಸಂದರ್ಶನದಲ್ಲಿ ಒಂದು ಖಾಲಿ ಕುರ್ಚಿ

"ಸರ್, ನಿಮ್ಮ ಇನ್ವೆಸ್ಟ್‌ಮೆಂಟ್ ಬ್ಯಾಂಕಿನಲ್ಲಿ ನನಗೊಂದು ಕೆಲಸ ಕೊಡಿಸ್ತೀರಾ?"

ಚಿನ್ಮಯಿ ಇಂಗ್ಲಿಷಿನಲ್ಲಿ ಒಂದೇ ಉಸಿರಿಗೆ ಕೇಳಿಬಿಟ್ಟಳು. ಹೈದರಾಬಾದಿನ ಅವಳ ಕಾಲೇಜಿಗೆ ಅಂದು ಹಳೆಯ ವಿದ್ಯಾರ್ಥಿಗಳು ಬಂದಿದ್ದರು. ಎಲ್ಲರೂ ಮುತ್ತಿಕೊಂಡಿದ್ದು ಅವರಲ್ಲೊಬ್ಬನಾದ ನಿಶಾಂತನನ್ನು.

"ನನ್ನ ಹೆಸರೂ ಕೇಳದೆ ಕೆಲಸ ಕೇಳ್ತೀರಲ್ಲ!" ಎಂದ ಅವನು. ಸುತ್ತಲಿದ್ದವರು ನಕ್ಕರು.

ಅವಮಾನದಿಂದ ಅವಳ ಕಿವಿ ಬಿಸಿಯಾಯಿತು. "ಏನ್ ಸೊಕ್ಕೈತಿ ನೋಡು!" ಎಂದು ಕನ್ನಡದಲ್ಲಿ ಗೊಣಗಿದಳು.

"ಸೊಕ್ಕಲ್ಲರಿ... ನಾನೂ ಹಿಂಗ ಕೇಳಿ ಬೈಸಿಕೊಂಡಾವ. ನಮ್ಮದು ರಾಯಚೂರು."

ಅವನೂ ಕನ್ನಡದವನೇ! ಅಲ್ಲಿಂದ ಓಡಿಹೋಗಬೇಕು ಎನ್ನಿಸಿತು ಪಾಪ, ಅವಳಿಗೆ.

ನಂತರದ ಶನಿವಾರಗಳಲ್ಲಿ, ಅಮೀರ್‌ಪೇಟ್ ಮೆಟ್ರೋ ನಿಲ್ದಾಣದ ಕೆಳಗೆ ಚಹಾ ಕುಡಿಯುತ್ತ, ಅವನೇ ದಾರಿ ಹೇಳಿಕೊಟ್ಟ.

"ಮೊದಲ ಭೇಟಿಗೇ ಕೆಲಸ ಕೇಳಬ್ಯಾಡ್ರಿ, ಅವರ ಕೆಲಸದ ಬಗ್ಗೆ ಕೇಳ್ರಿ. ಮರುದಿನ ಥ್ಯಾಂಕ್ಸ್ ಬರೀರಿ. ಅವರು ಹೇಳಿದ್ದು ಮಾಡಿ, ಏನಾತಂತ ತಿಳಸ್ರಿ. ನನ್ನೊಬ್ಬನ್ನ ನೆಚ್ಚಿ ಕೂಡಬ್ಯಾಡ್ರಿ."

ಅವಳು ಹಲವರಿಗೆ ಬರೆದಳು. ಬಹಳ ಮಂದಿ ಉತ್ತರಿಸಲಿಲ್ಲ. ಉತ್ತರಿಸಿದವರಲ್ಲಿ ಒಬ್ಬರು ನಿಶಾಂತನ ಬ್ಯಾಂಕಿನಲ್ಲೇ ಹಿರಿಯ ಹುದ್ದೆಯಲ್ಲಿದ್ದ ಅಮಿತಾ. ಹೈದರಾಬಾದಿನ ಮಲ್ಕಾಜ್‌ಗಿರಿಯ ಕನ್ನಡಿಗ ರೈಲ್ವೆ ನೌಕರರೊಬ್ಬರ ಮಗಳಾದ ಚಿನ್ಮಯಿಯ ಪ್ರಶ್ನೆಗಳು ಅವರಿಗೆ ಹಿಡಿಸಿದವು. ತಿಂಗಳುಗಳ ಬಳಿಕ ಅವರೇ ಸಂದರ್ಶನಕ್ಕೆ ಕರೆದರು. ಕೆಲಸವಿದ್ದದ್ದು ನಿಶಾಂತನದೇ ತಂಡದಲ್ಲಿ!

ಅಷ್ಟರಲ್ಲಿ ಅವಳ ಶನಿವಾರಗಳು ಬರೀ ಕೆಲಸಕ್ಕಾಗಿ ಉಳಿದಿರಲಿಲ್ಲ. ಅದನ್ನು ತನ್ನೊಳಗೂ ಒಪ್ಪಿಕೊಂಡಿರಲಿಲ್ಲ, ಅಷ್ಟೆ.

ಸಂದರ್ಶನದ ಸುದ್ದಿ ಹೇಳಲು ಖುಷಿಯಿಂದ ಫೋನ್ ಮಾಡಿದರೆ, ಅವನು "ಛಲೋ ಆತು" ಎಂದಷ್ಟೇ ಹೇಳಿ ಇಟ್ಟುಬಿಟ್ಟ. ಆಮೇಲೆ ಮೆಸೇಜಿಗೆ ಉತ್ತರವಿಲ್ಲ, ಶನಿವಾರದ ಚಹಾ ಇಲ್ಲ. 'ನಾನು ಬೇಡವಾದೆನಾ...?'

ಸಂದರ್ಶನದ ದಿನ ಅಮಿತಾರ ಪಕ್ಕದ ಕುರ್ಚಿ ಖಾಲಿಯಿತ್ತು. "ನಿಶಾಂತ್ ಬರಬೇಕಿತ್ತು. ಅವರೇ ಬರುವುದಿಲ್ಲ ಅಂದರು" ಎಂದರು ಅಮಿತಾ.

'ನನ್ನೆದುರು ಕೂರಲೂ ನಾಚಿಕೆಯೇ ಇವನಿಗೆ?' ಕಣ್ಣೀರು ನುಂಗಿ ಉತ್ತರಿಸಿದಳು. ಕೆಲಸ ಸಿಕ್ಕಿತು. ಅಪ್ಪ ನೆರೆಮನೆಗೆಲ್ಲ ಪೇಢೆ ಹಂಚುವಾಗ ಅವಳು ಬಚ್ಚಲ ಬಾಗಿಲು ಹಾಕಿಕೊಂಡು ಅತ್ತಳು.

ಆ ಶನಿವಾರ ನಿಶಾಂತನೇ ಅದೇ ಮೆಟ್ರೋ ನಿಲ್ದಾಣದ ಕೆಳಗೆ ಚಹಾಕ್ಕೆ ಕರೆದ. ಹೋಗಬಾರದು ಎಂದುಕೊಳ್ಳುತ್ತಲೇ ಹೋದಳು.

"ನಾ ಈ ಕೆಲಸಕ್ಕ ಸೇರಂಗಿಲ್ರಿ. ನನ್ನ ಮುಖಾ ನೋಡಾಕೂ ಒಲ್ಲದವರ ಜೋಡಿ ಹೆಂಗ ಕೂಡ್ಲಿ?" ಎಂದಳು.

"ನಾ ಈಗ ಆ ತಂಡದಾಗ ಇಲ್ಲರಿ. ಬ್ಯಾರೆ ತಂಡಕ್ಕ ಹಾಕಿಸ್ಕೊಂಡೀನಿ."

"ಯಾಕ...?"

"ನಮಗ ಬೇಕಾದವರು ಸಂದರ್ಶನಕ್ಕ ಬಂದ್ರ, ಮೊದಲ ಎಚ್‌ಆರ್‌ನವರಿಗೆ ಹೇಳಿ ಹೊರಗ ಉಳೀಬೇಕು. ರಿಸಲ್ಟ್ ಬರೂತನಕ ಮಾತೂ ಆಡಬಾರದು. ಅವನಿಂದ ಕೆಲಸ ಸಿಕ್ಕಿತು ಅಂತ ನಾಳೆ ಯಾರೂ ನಿಮಗ ಅನ್ನಬಾರದಲ್ಲ..."

"ಬೇಕಾದವರು...? ಏನಂತ ಹೇಳಿದ್ರಿ ಅವರಿಗೆ?"

"ನಾ ಪ್ರೀತಿ ಮಾಡೂ ಹುಡುಗಿ ಅಂತ. ಆಕಿಗೆ ಇನ್ನೂ ಗೊತ್ತಿಲ್ಲ ಅಂತ."

ಮೇಲೆ ರೈಲು ಬಂದು ನಿಂತು, ಹೋಯಿತು. ಅವನ ಇಷ್ಟು ದಿನದ ಮೌನವನ್ನೇ ತಾನು ತಿರಸ್ಕಾರ ಎಂದುಕೊಂಡಿದ್ದಳಲ್ಲ! ಅವಳಿಗೆ ಅಳು ತಡೆಯಲಾಗಲಿಲ್ಲ.

"ನನಗ ಹೇಳೂಕಿಂತ ಮೊದಲ ಎಚ್‌ಆರ್‌ನವರಿಗೆ ಹೇಳಿದ್ರಿ..."

"ತಪ್ಪಾತು. ಈಗ ಕೇಳ್ಲೇನು?"

"ಇದು ಮೊದಲ ಭೇಟಿ ಅಲ್ಲಲ್ಲರಿ. ಕೇಳ್ರಿ."

"ನನ್ನ ಜೋಡಿ ಇರ್ತೀರೇನು?"

"ಇರ್ತೀನ್ರಿ..." ಕಣ್ಣೊರೆಸಿಕೊಂಡಳು. "ನಮ್ಮ ಅಪ್ಪಗೂ ನೀವ ಬಂದು ಹೇಳ್ರಿ. ಎಚ್‌ಆರ್‌ನವರಿಗೆ ಹೇಳಿದಂಗ... ಅಷ್ಟ ಧೈರ್ಯದಿಂದ."